ಅಪರೂಪದ ಕಲ್ಲು ಅಥವಾ ಪಳೆಯುಳಿಕೆ ದೊರೆತಲ್ಲಿ ತಜ್ಞರ ನೆರವು ಪಡೆಯುವ ಬಗೆ

ಬಾವಿ ತೋಡುವಾಗ, ಹೊಲ ಉಳುವಾಗ ಅಥವಾ ರಸ್ತೆಗಾಗಿ ಗುಡ್ಡ ಕಡಿಯುವಾಗ ವಿಚಿತ್ರವಾಗಿ ತೋರುವ ಕಲ್ಲುಗಳು ಸಾರ್ವಜನಿಕರ ಕಣ್ಣಿಗೆ ಬೀಳುವುದುಂಟು. ಅವುಗಳನ್ನು ಗುರುತಿಸಲು ಯಾರನ್ನು, ಯಾವ ವಿವರಗಳೊಂದಿಗೆ ಸಂಪರ್ಕಿಸಬೇಕೆಂಬ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಕಲ್ಲಿನಷ್ಟೇ ಸ್ಥಳವೂ ಮುಖ್ಯ

ಬಹುತೇಕರು ಕಲ್ಲನ್ನು ಕಿತ್ತು, ತೊಳೆದು, ಚೀಲದಲ್ಲಿ ಹಾಕಿಕೊಂಡು ಕಚೇರಿಗೆ ಬರುತ್ತಾರೆ. ತಜ್ಞರು ಕೇಳುವ ಮೊದಲ ಪ್ರಶ್ನೆ, ಇದು ಎಲ್ಲಿ ದೊರೆಯಿತು ಎಂಬುದು. ಇದಕ್ಕೆ ಉತ್ತರವಿಲ್ಲದಿದ್ದಲ್ಲಿ ಒಳ್ಳೆಯ ಮಾದರಿಯೂ ಅರ್ಧ ಮೂಕವಾಗುತ್ತದೆ.

ಗುಜರಾತಿನ ರಾಹಿಯೋಲಿ ಗ್ರಾಮದ ಬಳಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 1980ರ ದಶಕದ ಆರಂಭದಲ್ಲಿ ಡೈನೋಸಾರ್ ಎಲುಬುಗಳನ್ನು ಸಂಗ್ರಹಿಸಿತು. ಹಲವು ಪ್ರಾಣಿಗಳ ಎಲುಬುಗಳು ಅಲ್ಲಿ ಬೆರೆತಿದ್ದವು. ಯಾವ ಎಲುಬು ಎಲ್ಲಿ ಬಿದ್ದಿತ್ತೆಂಬುದನ್ನು ಅಗೆಯುವಾಗಲೇ ನಕ್ಷೆಯಲ್ಲಿ ಗುರುತಿಸಿಟ್ಟಿದ್ದರಿಂದ, ಸುಮಾರು ಇಪ್ಪತ್ತು ವರ್ಷಗಳ ತರುವಾಯ ಒಂದೇ ಪ್ರಾಣಿಗೆ ಸೇರಿದವನ್ನು ಪ್ರತ್ಯೇಕಿಸುವುದು ಸಾಧ್ಯವಾಯಿತು. 2003ರಲ್ಲಿ ಆ ಪ್ರಾಣಿಗೆ ರಾಜಾಸಾರಸ್ ಎಂದು ಹೆಸರಿಡಲಾಯಿತು. ಆ ನಕ್ಷೆ ಇರದಿದ್ದಲ್ಲಿ ಉಳಿಯುತ್ತಿದ್ದುದು ಎಲುಬಿನ ರಾಶಿ ಮಾತ್ರ.

ಆದುದರಿಂದ ಕಲ್ಲನ್ನು ಎತ್ತುವ ಮೊದಲು ಪಕ್ಕದಲ್ಲಿ ಒಂದು ನಾಣ್ಯ ಅಥವಾ ಅಳತೆಪಟ್ಟಿ ಇರಿಸಿ ಛಾಯಾಚಿತ್ರ ತೆಗೆಯತಕ್ಕದ್ದು. ಗ್ರಾಮ, ಸರ್ವೆ ನಂಬರು, ನೆಲಮಟ್ಟದಿಂದ ಆಳ, ದೊರೆತ ದಿನಾಂಕ ಮತ್ತು ಮೊಬೈಲ್ ತೋರಿಸುವ ಅಕ್ಷಾಂಶ ರೇಖಾಂಶಗಳನ್ನು ಬರೆದಿಡತಕ್ಕದ್ದು. ಬಂಡೆಯಲ್ಲಿ ಹುದುಗಿರುವುದನ್ನು ಉಳಿ, ಸುತ್ತಿಗೆಯಿಂದ ಬಿಡಿಸಬಾರದು, ಛಾಯಾಚಿತ್ರವೇ ಸಾಕು. ಬಿಡಿಯಾಗಿರುವುದನ್ನು ತೊಳೆಯದೆ ಒಣ ಕಾಗದದಲ್ಲಿ ಸುತ್ತಿಡಬಹುದು.

ನೋಟಕ್ಕೆ ಮೋಸಹೋಗುವ ಸಂದರ್ಭಗಳು

ಕರ್ನಾಟಕದ ಬಹುಭಾಗದ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಅವು ರೂಪುಗೊಂಡಾಗ ಭೂಮಿಯ ಮೇಲೆ ಪ್ರಾಣಿಗಳೇ ಇರಲಿಲ್ಲವಾದ್ದರಿಂದ ಅವುಗಳಲ್ಲಿ ಎಲುಬು ದೊರೆಯುವ ಸಂಭವವಿಲ್ಲ. ಆದರೆ ಪಳೆಯುಳಿಕೆಗಳೇ ಇಲ್ಲವೆಂದಲ್ಲ. ಚಿತ್ರದುರ್ಗ ಸೀಮೆಯಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್‌ಗಳಿವೆ. ಬಾಗಲಕೋಟೆ ಕಡೆಯ ಸುಣ್ಣಕಲ್ಲುಗಳಲ್ಲಿಯೂ ಅವು ಕಂಡುಬರುತ್ತವೆ. ಉತ್ತರದಲ್ಲಿ, ಗುರುಮಠಕಲ್ ಸುತ್ತಮುತ್ತ, ಲಾವಾ ಹರಿವುಗಳ ನಡುವಿನ ಕೆಸರುಪದರಗಳು ಇವುಗಳಿಗಿಂತ ಬಹಳ ಈಚಿನ ಜೀವಿಗಳ ಅವಶೇಷಗಳನ್ನು ಕಾಪಾಡಿಕೊಂಡಿವೆ.

ಕಲ್ಲಿನ ಬಿರುಕಿನಲ್ಲಿ ಜರಿಗಿಡದಂತೆ ಕವಲೊಡೆದ ಕಪ್ಪು ಚಿತ್ರ ಸಾಮಾನ್ಯವಾಗಿ ಗಿಡದ್ದಲ್ಲ, ಮ್ಯಾಂಗನೀಸ್ ಆಕ್ಸೈಡಿನದು. ಈರುಳ್ಳಿಯಂತೆ ಪದರ ಬಿಡುವ ಉರುಟು ಕಪ್ಪುಕಲ್ಲು ಮೊಟ್ಟೆಯಲ್ಲ. ಬಸಾಲ್ಟ್, ಡಾಲರೈಟ್ ಬಂಡೆಗಳು ಶಿಥಿಲವಾಗುವ ರೀತಿಯೇ ಹಾಗೆ. ಉಲ್ಕಾಶಿಲೆಯೆಂದು ತರಲಾಗುವ, ಗುಳ್ಳೆಗಳ ತೂತಿರುವ ಭಾರದ ತುಂಡು ಹೆಚ್ಚಾಗಿ ಕಬ್ಬಿಣದ ಕಿಟ್ಟವಾಗಿರುತ್ತದೆ. ನಿಜವಾದ ಉಲ್ಕಾಶಿಲೆಗೆ, ಅದು ಹೊಸದಾಗಿ ಬಿದ್ದದ್ದಾದರೆ, ತೆಳುವಾದ ಕಪ್ಪು ಹೊರಪದರವಿರುತ್ತದೆ. ಅದಕ್ಕೆ ಅಯಸ್ಕಾಂತ ತಾಗಿಸಿ ಪರೀಕ್ಷಿಸುವುದು ಬೇಡ; ಶಿಲೆಯು ಹೊತ್ತು ತಂದ ಕಾಂತತ್ವದ ದಾಖಲೆ ಇದರಿಂದ ಅಳಿಯುತ್ತದೆ. 2017ರ ಜೂನ್ 6ರಂದು ಜೈಪುರದ ಬಳಿಯ ಮುಕುಂದಪುರದಲ್ಲಿ ಬಿದ್ದದ್ದು ಇಂಗಾಲಯುಕ್ತ ವಿರಳ ವರ್ಗದ್ದು. ಅಂಥವು ತೇವಕ್ಕೆ ಸಹ ಬೇಗ ಹಾಳಾಗುತ್ತವೆ.

ಎಲ್ಲಿ ಸಂಪರ್ಕಿಸಬೇಕು

ಛಾಯಾಚಿತ್ರ ಮತ್ತು ಮೇಲಿನ ವಿವರಗಳೊಂದಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಪತ್ರ ಬರೆಯಬಹುದು. ಉಲ್ಕಾಶಿಲೆ ಮತ್ತು ಪಳೆಯುಳಿಕೆಯಾಗಿದ್ದಲ್ಲಿ ಬೆಂಗಳೂರಿನ ಕುಮಾರಸ್ವಾಮಿ ಬಡಾವಣೆಯಲ್ಲಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯನ್ನು ಸಂಪರ್ಕಿಸುವುದು ಸೂಕ್ತ. ಮೈಸೂರು ಮತ್ತು ಧಾರವಾಡದ ವಿಶ್ವವಿದ್ಯಾನಿಲಯಗಳ ಭೂವಿಜ್ಞಾನ ವಿಭಾಗಗಳಲ್ಲಿಯೂ ತಜ್ಞರಿರುತ್ತಾರೆ. ಮನುಷ್ಯನು ಕೆತ್ತಿದಂತೆ ತೋರುವ ಕೈಕೊಡಲಿಯಂಥ ಕಲ್ಲು ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಸೇರಿದ ವಿಷಯ. ನಾಣ್ಯ, ಒಡವೆಗಳ ನಿಕ್ಷೇಪ ದೊರೆತಲ್ಲಿ ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಕಾನೂನಿನ ಕರ್ತವ್ಯವಾಗಿರುತ್ತದೆ.

ಗುರುತಿಸುವುದು ಬೇರೆ, ಬೆಲೆ ಕಟ್ಟುವುದು ಬೇರೆ. ತಜ್ಞರು ನೀಡುವುದು ಮೊದಲನೆಯದನ್ನು ಮಾತ್ರ. ಕೋಟಿ ರೂಪಾಯಿ ಬೆಲೆಯ ಆಕಾಶದ ಕಲ್ಲೆಂದು ನಂಬಿಸಿ, ಪರೀಕ್ಷಾ ಶುಲ್ಕದ ಹೆಸರಿನಲ್ಲಿ ಮುಂಗಡ ಕೇಳುವವರ ವಿಷಯವನ್ನು ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು.

ಕೆಲವು ಶಿಲೆಗಳನ್ನು ಬರಿಗಣ್ಣಿನಿಂದ ನಿರ್ಧರಿಸಲಾಗದು. ಅಂಥವುಗಳಿಂದ 0.03 ಮಿಲಿಮೀಟರ್ ದಪ್ಪದ ಬಿಲ್ಲೆ ಮಾಡಿ ಸೂಕ್ಷ್ಮದರ್ಶಕದಡಿ ನೋಡಬೇಕಾಗುವುದರಿಂದ ಮಾದರಿಯ ಒಂದಂಶವನ್ನು ಕತ್ತರಿಸಲಾಗುತ್ತದೆ. ಇದಕ್ಕೆ ಒಪ್ಪಿಗೆ ಇದೆಯೇ, ಉಳಿದ ಭಾಗವನ್ನು ಹಿಂದಿರುಗಿಸಬೇಕೇ ಎಂಬುದನ್ನು ಪತ್ರದಲ್ಲಿಯೇ ನಮೂದಿಸಿ, ಮಾದರಿ ಒಪ್ಪಿಸುವಾಗ ಸ್ವೀಕೃತಿ ಪಡೆಯತಕ್ಕದ್ದು.