ನಾಲ್ಕು ಸೀಟಿನ ವಿಮಾನಕ್ಕೆ ಮೂರೇ ಜನ ಯಾಕೆ?

ಸಣ್ಣ ವಿಮಾನ ಹತ್ತುವ ಮೊದಲು ನಿಮ್ಮ ತೂಕ ಕೇಳುತ್ತಾರೆ. ಸಂಕೋಚಪಟ್ಟು ಐದು ಕಿಲೋ ಕಡಿಮೆ ಹೇಳಬೇಡಿ. ಬೂಟು, ಬಟ್ಟೆ, ಕ್ಯಾಮೆರಾ ಚೀಲ ಎಲ್ಲವೂ ಲೆಕ್ಕಕ್ಕೆ ಬರಬೇಕು.

"ಸೀಟು ನಾಲ್ಕಿದೆಯಲ್ಲ, ನಾಲ್ವರು ಕೂತರೇನು?" ಎಂದು ನೀವು ಕೇಳಬಹುದು. ತರಬೇತಿ ಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸೆಸ್ನಾ 172ರ 'ಎಸ್' ಮಾದರಿಯನ್ನೇ ನೋಡಿ. ನೆಲ ಬಿಡುವಾಗ ಅದರ ಒಟ್ಟು ತೂಕ 1,157 ಕಿಲೋ ಮೀರಬಾರದು. ಖಾಲಿ ವಿಮಾನವೇ ಸುಮಾರು 760 ಕಿಲೋ. ಟ್ಯಾಂಕ್ ತುಂಬಿಸಿದರೆ ಬಳಕೆಗೆ ಸಿಗುವ ಪೆಟ್ರೋಲು ಸುಮಾರು 200 ಲೀಟರ್. ತೂಕದಲ್ಲಿ 145 ಕಿಲೋ. ಉಳಿಯುವುದು 250 ಕಿಲೋ. ಪೈಲಟ್ ಸೇರಿ ಎಂಬತ್ತು ಕಿಲೋದ ಮೂವರು, ಒಂದು ಕೈಚೀಲ, ಅಷ್ಟೇ. ನಾಲ್ಕನೆಯವರು ಬರಲೇಬೇಕೆಂದರೆ ಹೆಚ್ಚುಕಡಿಮೆ ಅರ್ಧ ಪೆಟ್ರೋಲು ಕಡಿಮೆ ಮಾಡಬೇಕು. ಹಾರುವ ದೂರವೂ ಅಷ್ಟೇ ಕುಗ್ಗುತ್ತದೆ.

ಮಿತಿ ಮೀರಿದರೆ ಏನಾಗುತ್ತದೆ? ಭಾರ ಹೆಚ್ಚಾದಷ್ಟೂ ವಿಮಾನ ಮೇಲೇಳಲು ಹೆಚ್ಚು ವೇಗ ಬೇಕು, ವೇಗ ಪಡೆಯಲು ಉದ್ದದ ರನ್‌ವೇ ಬೇಕು. ತೂಕ ಶೇ. 10 ಹೆಚ್ಚಿದರೆ ಓಡುವ ದೂರ ಸುಮಾರು ಶೇ. 20 ಹೆಚ್ಚುತ್ತದೆ. ಮೋಸ ಇರುವುದು ಮುಂದಿನ ಹಂತದಲ್ಲಿ. ನೆಲಕ್ಕೆ ಹತ್ತಿರವಿದ್ದಾಗ ರೆಕ್ಕೆಗೆ ಗಾಳಿಯ ಎಳೆತ ಕಡಿಮೆ. ಇದಕ್ಕೆ 'ಗ್ರೌಂಡ್ ಎಫೆಕ್ಟ್' ಎನ್ನುತ್ತಾರೆ. ಹಾಗಾಗಿ ಭಾರದ ವಿಮಾನವೂ ಕೆಲವು ಅಡಿ ಏಳುತ್ತದೆ, ಆದರೆ ಅಲ್ಲಿಂದ ಮೇಲೆ ಹೋಗುವುದಿಲ್ಲ. ಎದುರಿಗೆ ಮರಗಳು ಬರುತ್ತವೆ.

ಬಿಸಿಲೂ ಲೆಕ್ಕಕ್ಕಿದೆ. ಬೆಂಗಳೂರಿನ ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ ಅಲ್ಲಿನ ಗಾಳಿ ಸುಮಾರು 6,000 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಎಂಜಿನ್ನಿನ ಬಲವೂ ಕುಂದುತ್ತದೆ, ರೆಕ್ಕೆಯ ಎತ್ತುವ ಶಕ್ತಿಯೂ ಕುಂದುತ್ತದೆ. ಬೆಳಿಗ್ಗೆ ಸಲೀಸಾಗಿ ಎದ್ದ ಅದೇ ತೂಕ ಮಧ್ಯಾಹ್ನ ತಿಣುಕುತ್ತದೆ.

ನನ್ನ ಮಟ್ಟಿಗೆ, ಎಷ್ಟು ಭಾರ ಎನ್ನುವುದಕ್ಕಿಂತ ಎಲ್ಲಿ ಭಾರ ಎನ್ನುವುದು ಹೆಚ್ಚು ಭಯದ ವಿಷಯ. ಸ್ಕೂಟರಿನ ಹಿಂದೆ ಅಕ್ಕಿ ಮೂಟೆ ಹೇರಿದರೆ ಹ್ಯಾಂಡಲ್ ಹಗುರಾಗುತ್ತದಲ್ಲ, ಹಾಗೆ ಸಾಮಾನು ಬಾಲದ ಕಡೆ ಹೆಚ್ಚಾದರೆ ವಿಮಾನದ ಮೂತಿ ತಾನಾಗಿ ಮೇಲೇಳುತ್ತದೆ. ಅದನ್ನು ಬಾಲದಲ್ಲಿರುವ 'ಎಲಿವೇಟರ್' ಪಟ್ಟಿಯಿಂದ ಕೆಳಗಿಳಿಸಲು ಆಗದಿದ್ದರೆ ವೇಗ ಕುಸಿದು, ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಇದೇ 'ಸ್ಟಾಲ್'. 2001ರ ಆಗಸ್ಟ್ 25ರಂದು ಬಹಾಮಾಸ್‌ನ ಮಾರ್ಷ್ ಹಾರ್ಬರ್‌ನಲ್ಲಿ ಗಾಯಕಿ ಆಲಿಯಾ ಇದ್ದ ಸೆಸ್ನಾ 402 ಮೇಲೆದ್ದ ಕೂಡಲೇ ಬಿದ್ದು, ಒಳಗಿದ್ದ ಒಂಬತ್ತೂ ಜನ ಸತ್ತರು. ತೂಕ ಮಿತಿಗಿಂತ ನೂರಾರು ಕಿಲೋ ಹೆಚ್ಚಿತ್ತು, ಗುರುತ್ವಕೇಂದ್ರವೂ (ಇಡೀ ಭಾರ ಸಮತೂಗುವ ಬಿಂದು) ಮಿತಿ ದಾಟಿ ಹಿಂದಿತ್ತು ಎಂದು ತನಿಖೆ ಹೇಳಿತು. ಪೈಲಟ್‌ಗೆ ಆ ಹಾರಾಟಕ್ಕೆ ಅನುಮತಿಯೂ ಇರಲಿಲ್ಲ.

ಈ ಲೆಕ್ಕಕ್ಕೆ ಖರ್ಚಿಲ್ಲ. ತಕ್ಕಡಿ, ಕಾಗದ, ಹತ್ತು ನಿಮಿಷ ಸಾಕು. ಪ್ರತಿ ವಿಮಾನದ ಖಾಲಿ ತೂಕ ಅದರ ದಾಖಲೆಯಲ್ಲಿರುತ್ತದೆ, ಮಿತಿಗಳು ಪೈಲಟ್ ಕೈಪಿಡಿಯಲ್ಲಿರುತ್ತವೆ. "ಇವತ್ತಿನ ಲೋಡ್ ಶೀಟ್ ತೋರಿಸ್ತೀರಾ?" ಎಂದು ಪೈಲಟ್‌ರನ್ನು ಧಾರಾಳವಾಗಿ ಕೇಳಿ. ಅವರು ಚೀಲ ಬಿಟ್ಟು ಬನ್ನಿ ಎಂದರೆ ವಾದಿಸಬೇಡಿ, ಅದು ಬಸ್ಸಿನಲ್ಲಿ ಬರಲಿ. ಹಾರುವಾಗ ಮುಂದಿನ ಸೀಟು ಬಿಟ್ಟು ಹಿಂದೆ ಹೋಗಬೇಕೆನಿಸಿದರೆ ಮೊದಲು ಕೇಳಿ.