ಆಘಾತದ ಅನಂತರ ಮನಸ್ಸು

ಮೈಗೆ ತಗುಲಿದ ಗಾಯ ಕಣ್ಣಿಗೆ ಕಾಣುತ್ತದೆ. ಮನಸ್ಸಿಗಾದ ಗಾಯ ಕಾಣುವುದಿಲ್ಲ. ೧೯೮೧ನೆಯ ಫೆಬ್ರವರಿ ೭ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನರು ಮಡಿದರು. ಅವರಲ್ಲಿ ಬಹುಪಾಲು ಮಕ್ಕಳು. ಸುಟ್ಟ ಗಾಯಗಳಿಗೆ ಔಷಧವುಂಟು; ಮಕ್ಕಳನ್ನು ಕಳೆದುಕೊಂಡವರ ಮನಸ್ಸಿಗೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಮೃತರ ಬಂಧುಗಳ ಶೋಕವನ್ನು ಅಧ್ಯಯನ ಮಾಡಿದರು. ನಮ್ಮ ದೇಶದಲ್ಲಿ ಈ ಬಗೆಯ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು.

ದುರಂತದ ಮೊದಲ ದಿನಗಳಲ್ಲಿ ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಮಂಕು ಕವಿದಂತಿರುವುದು ಸಹಜ, ಅದು ರೋಗವಲ್ಲ. ಬಹುಮಂದಿ ಬಂಧುಬಳಗದ ಆಸರೆಯಲ್ಲಿ ಕ್ರಮೇಣ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ಈ ಲಕ್ಷಣಗಳು ಇಳಿಯದೆ ದಿನದ ಕೆಲಸಕ್ಕೆ ಅಡ್ಡಿಯಾದರೆ ಚಿಕಿತ್ಸೆ ಅಗತ್ಯ.

ಹೀಗೆ ಉಳಿಯುವ ವ್ಯಾಧಿಯ ರೂಪ ಒಂದೇ ಅಲ್ಲ. ಕೆಲವರಿಗೆ ಆ ಘಟನೆ ಕಣ್ಣೆದುರು ಮತ್ತೆ ನಡೆಯುತ್ತಿರುವಂತೆ ತೋರುತ್ತದೆ. ಹೊಗೆಯ ವಾಸನೆ ಬಂದರೂ ಎದೆ ನಡುಗುತ್ತದೆ. ಆ ಸ್ಥಳದ ಕಡೆಗೆ ಕಾಲಿಡಲಾಗದು. ಇದೇ ಆಘಾತೋತ್ತರ ಒತ್ತಡದ ಕಾಯಿಲೆ. ಅಮೆರಿಕದ ಮನೋವೈದ್ಯರ ಸಂಘವು ೧೯೮೦ರಲ್ಲಿ ತನ್ನ ರೋಗವರ್ಗೀಕರಣದಲ್ಲಿ ಇದನ್ನು ಸೇರಿಸಿತು. ಮತ್ತೆ ಕೆಲವರನ್ನು ಖಿನ್ನತೆ ಆವರಿಸುತ್ತದೆ. ಕೆಲವರನ್ನು ಕಾರಣವಿಲ್ಲದ ಭೀತಿ ಕಾಡುತ್ತದೆ. ನೋವನ್ನು ಮರೆಯಲೆಂದು ಮದ್ಯಕ್ಕೆ ದಾಸರಾಗುವವರುಂಟು. ವರ್ಷಗಳುರುಳಿದರೂ ಆರದ ಶೋಕವನ್ನೂ, ಪದೇಪದೇ ಹಿಂಸೆಗೊಳಗಾದವರಲ್ಲಿ ಕಾಣುವ ಸಂಕೀರ್ಣ ರೂಪವನ್ನೂ ೨೦೨೨ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವು ಪ್ರತ್ಯೇಕವಾಗಿ ಗುರುತಿಸಿದೆ. ಒಬ್ಬರಲ್ಲೇ ಇವುಗಳಲ್ಲಿ ಎರಡು ಮೂರು ಕೂಡಿರುವುದೂ ಉಂಟು.

ಮಕ್ಕಳು ತಮ್ಮ ಸಂಕಟವನ್ನು ಮಾತಿನಲ್ಲಿ ಹೇಳಲಾರರು. ಎಳೆಯ ಮಗು ಮತ್ತೆ ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳಬಹುದು, ತಾಯಿಯ ಸೆರಗು ಬಿಡದಿರಬಹುದು, ಕಂಡ ದುರಂತವನ್ನೇ ಆಟವಾಗಿ ಆಡಬಹುದು. ದೊಡ್ಡ ಮಕ್ಕಳಿಗೆ ಹೊಟ್ಟೆನೋವು, ಸಿಡುಕು, ಪಾಠದಲ್ಲಿ ಅಲಕ್ಷ್ಯ. ಇದನ್ನು ಸೋಮಾರಿತನವೆಂದು ದಂಡಿಸಿದರೆ ಗಾಯದ ಮೇಲೆ ಬರೆ ಎಳೆದಂತೆ. ಚೆನ್ನಾಗಿ ಓದುತ್ತಿದ್ದ ವಿದ್ಯಾರ್ಥಿ ಏಕಾಏಕಿ ಹಿಂದೆ ಬಿದ್ದಾಗ, ಅವನ ಮನೆಯಲ್ಲಿ ಏನು ನಡೆದಿದೆಯೆಂದು ಉಪಾಧ್ಯಾಯರು ಮೊದಲು ವಿಚಾರಿಸಬೇಕು.

ನೊಂದವರನ್ನು ಬಲವಂತವಾಗಿ ಮಾತನಾಡಿಸಬಾರದು. ಅವರಾಗಿ ಹೇಳಿದಾಗ ತಾಳ್ಮೆಯಿಂದ ಆಲಿಸಬೇಕು. ಊಟ, ನಿದ್ದೆ, ಶಾಲೆಗಳ ನಿತ್ಯಕ್ರಮ ಮರಳಿ ನೆಲೆಗೊಳ್ಳುವುದೇ ಅರ್ಧ ಔಷಧ. ಅದು ಸಾಲದಾದಾಗ ಆಘಾತವನ್ನೇ ಕುರಿತ ಮನೋಚಿಕಿತ್ಸೆಯಿಂದಲೂ, ಅಗತ್ಯವಿದ್ದರೆ ಔಷಧಗಳಿಂದಲೂ ಗುಣ ಕಾಣಬಹುದು. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ೧೪೪೧೬ ಸಂಖ್ಯೆಗೆ ಕರೆಮಾಡಿದರೆ ಉಚಿತ ಸಲಹೆ ದೊರೆಯುತ್ತದೆ. ವಸಂತಪುರ, ಬನಶಂಕರಿಗಳ ನಿವಾಸಿಗಳಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ದೂರವೇನಲ್ಲ. ಅಲ್ಲಿಗೆ ಹೋಗದಂತೆ ತಡೆಯುವುದು ‘ನಾಲ್ಕು ಜನ ಏನೆಂದಾರು’ ಎಂಬ ಅಂಜಿಕೆ. ಮುರಿದ ಕೈಗೆ ಕಟ್ಟು ಹಾಕಿಸಲು ಯಾರೂ ನಾಚುವುದಿಲ್ಲ. ನೊಂದ ಮನಸ್ಸಿನ ವಿಷಯದಲ್ಲೂ ಆ ಸಂಕೋಚ ಅಳಿಯಬೇಕು.