ಕೆರೆ ಎಲ್ಲಿತ್ತು ಅಂತ ಅಜ್ಜನನ್ನು ಕೇಳಿ

ಜೋರು ಮಳೆ ಬಂದ ಮರುದಿನ ಪತ್ರಿಕೆಯಲ್ಲಿ ಮನೆಯೊಳಗೆ ನೀರು ನುಗ್ಗಿದ ಚಿತ್ರ ಕಂಡರೆ ಅಜ್ಜಂದಿರು ಹೇಳುವ ಮಾತೊಂದಿದೆ: ‘ನುಗ್ಗದೆ ಇನ್ನೇನು? ಅಲ್ಲಿ ಮೊದಲು ಕೆರೆ ಇತ್ತಲ್ಲ!’

ಅಜ್ಜನ ಮಾತು ಸುಳ್ಳಲ್ಲ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಹಿಂದಿನ ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಕ್ರೀಡಾಂಗಣ ಎದ್ದಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆ ಮುಚ್ಚಬಹುದು, ಆದರೆ ನೆಲದ ಇಳಿಜಾರು ಎಲ್ಲಿಗೂ ಹೋಗುವುದಿಲ್ಲ. ಮಳೆನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಬಂದೇ ಬರುತ್ತದೆ.

ಮನೆ ಎಲ್ಲಿರಬೇಕು, ಶಾಲೆ ಎಲ್ಲಿ, ಮಾರುಕಟ್ಟೆ ಎಲ್ಲಿ, ನೀರು ಹರಿಯಲು ಎಷ್ಟು ಜಾಗ ಬಿಡಬೇಕು ಎಂದು ಮೊದಲೇ ಯೋಚಿಸಿ ನಕ್ಷೆ ಬರೆಯುವ ಕೆಲಸವೇ ನಗರ ಯೋಜನೆ. ಸೇತುವೆಯನ್ನು ಗಟ್ಟಿಯಾಗಿ ಕಟ್ಟುವುದು ಎಂಜಿನಿಯರರ ಕೆಲಸ. ಆ ಸೇತುವೆ ಅಲ್ಲಿ ಬೇಕೇ, ಅದರಿಂದ ಯಾರಿಗೆ ಅನುಕೂಲ, ಯಾರಿಗೆ ತೊಂದರೆ ಎಂದು ಕೇಳುವುದು ನಗರ ಯೋಜಕರ ಕೆಲಸ.

ಇಲಿಯ ಮೆರವಣಿಗೆ

ಹಿಂದೆ ನಮ್ಮ ಊರುಗಳಿಗೆ ಈ ಪಾಠ ಕಲಿಸಿದ್ದು ಪ್ಲೇಗ್. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಇಕ್ಕಟ್ಟಿನ ಪೇಟೆ ಬಿಟ್ಟು ಹೊರಟರು. ಅಗಲ ರಸ್ತೆಗಳ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ಕಾಲದಲ್ಲಿಯೇ.

ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಬಂದರು. ಅವರು ಮೂಲತಃ ಜೀವವಿಜ್ಞಾನಿ. ಊರಿನ ನಕ್ಷೆ ಬರೆಯುವ ಮುನ್ನ ಗಲ್ಲಿಗಲ್ಲಿ ನಡೆದು ನೋಡುವುದು ಅವರ ಪದ್ಧತಿ. ರಸ್ತೆ ಅಗಲಿಸಲು ಸಾಲುಸಾಲು ಮನೆ ಕೆಡವುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಆದಷ್ಟು ಕಡಿಮೆ ಕೆಡವಿ, ಇದ್ದುದನ್ನೇ ಸರಿಪಡಿಸಿ ಎನ್ನುತ್ತಿದ್ದರು.

1917ರಲ್ಲಿ ಪ್ಲೇಗಿನಿಂದ ನಲುಗಿದ್ದ ಇಂದೋರಿನಲ್ಲಿ ಅವರು ದೀಪಾವಳಿಗೆ ಮೆರವಣಿಗೆಯೊಂದನ್ನು ಏರ್ಪಡಿಸಿದರು. ಯಾವ ಬೀದಿಯ ಜನ ಮನೆಗಳನ್ನು ಹೆಚ್ಚು ಚೊಕ್ಕಟ ಮಾಡುತ್ತಾರೋ ಆ ಬೀದಿಯಲ್ಲೇ ಮೆರವಣಿಗೆ ಎಂದು ಸಾರಿದರು. ಊರಿಗೆ ಊರೇ ಪೊರಕೆ ಹಿಡಿಯಿತು! ಮೆರವಣಿಗೆಯಲ್ಲಿ ಪ್ಲೇಗಿನ ಗುರುತಾಗಿ ದೊಡ್ಡದೊಂದು ಇಲಿಯ ಬೊಂಬೆಯೂ ಇತ್ತು. ಜನ ಕೈಜೋಡಿಸಿದರೆ ಮಾತ್ರ ಊರು ಸುಧಾರಿಸುತ್ತದೆ ಎಂದು ಗೆಡ್ಡಿಸ್ ತೋರಿಸಿಕೊಟ್ಟರು.

ಮಗು ನಡೆಯುವ ದೂರ

1929ರಲ್ಲಿ ಅಮೆರಿಕದ ಕ್ಲಾರೆನ್ಸ್ ಪೆರಿ ಬಡಾವಣೆಯನ್ನು ಪುಟ್ಟ ಮಗುವಿನ ಕಾಲಿನಿಂದ ಅಳೆದರು. ಶಾಲೆ ಬಡಾವಣೆಯ ನಡುವೆ ಇರಬೇಕು. ಮನೆಯಿಂದ ಅಲ್ಲಿಗೆ ಸುಮಾರು ಕಾಲು ಮೈಲಿ, ಅಂದರೆ 400 ಮೀಟರ್ ಇರಬೇಕು. ಮಗು ದೊಡ್ಡ ರಸ್ತೆ ದಾಟುವಂತಿರಬಾರದು. 1939ರಿಂದ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿದ್ದ ಜರ್ಮನಿಯ ಒಟ್ಟೊ ಕೋನಿಗ್ಸ್‌ಬರ್ಗರ್ 1948ರಲ್ಲಿ ಭುವನೇಶ್ವರದ ನಕ್ಷೆ ರೂಪಿಸಿದಾಗ ಇಂಥದೇ ವಿಚಾರವನ್ನು ಅಳವಡಿಸಿದರು.

ಮಗು ಸುರಕ್ಷಿತವಾಗಿ ನಡೆಯಬಲ್ಲ ರಸ್ತೆಯಲ್ಲಿ ಕೋಲೂರಿ ನಡೆಯುವ ಅಜ್ಜಿಯೂ ನಿಶ್ಚಿಂತೆಯಿಂದ ಹೋಗಿಬರಬಹುದು, ಅಲ್ಲವೇ?

ಏನು ಓದಬೇಕು?

ಪಿಯುಸಿಯಲ್ಲಿ ಗಣಿತ ಓದಿದವರು ನಾಲ್ಕು ವರ್ಷಗಳ ಬಿ.ಪ್ಲಾನ್ ಪದವಿಗೆ ಸೇರಬಹುದು. ಜೆಇಇ ಮೇನ್‌ನಲ್ಲಿ ಇದಕ್ಕೆಂದೇ ‘2ಬಿ’ ಪತ್ರಿಕೆ ಇದೆ. ದೆಹಲಿ, ಭೋಪಾಲ್, ವಿಜಯವಾಡಗಳಲ್ಲಿ ಕೇಂದ್ರ ಸರ್ಕಾರದ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳಿವೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯವೂ ಈ ವಿಷಯಕ್ಕೆ ಹೆಸರಾಗಿದೆ. ಎಂಜಿನಿಯರಿಂಗ್, ವಾಸ್ತುಶಿಲ್ಪ ಮಾತ್ರವಲ್ಲ, ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದಿದವರಿಗೂ ಎರಡು ವರ್ಷಗಳ ಸ್ನಾತಕೋತ್ತರ ಕೋರ್ಸಿನ ಬಾಗಿಲು ಹಲವೆಡೆ ತೆರೆದಿರುತ್ತದೆ. ಚಿತ್ರ ಬರೆಯುವ ಕೈ, ಲೆಕ್ಕ ಮಾಡುವ ತಲೆ ಎರಡೂ ಬೇಕು. ಜನರ ಮಾತು ಕೇಳುವ ತಾಳ್ಮೆ ಇನ್ನೂ ಹೆಚ್ಚು ಬೇಕು.

ಓದಿದ ಮೇಲೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆ, ನಗರಾಭಿವೃದ್ಧಿ ಪ್ರಾಧಿಕಾರಗಳು, ಖಾಸಗಿ ಸಲಹಾ ಸಂಸ್ಥೆಗಳಲ್ಲಿ ಕೆಲಸವಿದೆ. ಸಂಶೋಧನೆ, ಬೋಧನೆಯ ದಾರಿಯೂ ಇದೆ. ಆದರೆ ಒಂದು ಮಾತು ನೆನಪಿರಲಿ. ಯೋಜಕರು ನಕ್ಷೆಯಲ್ಲಿ ಬರೆದದ್ದೆಲ್ಲ ನೆಲದ ಮೇಲೆ ಬರುವುದಿಲ್ಲ. ಕೊನೆಯ ತೀರ್ಮಾನ ಸರ್ಕಾರದ್ದು, ಫಲ ಕಾಣಲು ಹತ್ತಿಪ್ಪತ್ತು ವರ್ಷ ಬೇಕು. ತೆಂಗಿನ ಸಸಿ ನೆಟ್ಟವರಂತೆ ಕಾಯಬೇಕು.

ನಮ್ಮ ರಾಜ್ಯದಲ್ಲಿ ಇದಕ್ಕೆಲ್ಲ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರಂತೆ ಊರಿನ ಮಹಾಯೋಜನೆಯ ಕರಡು ಪ್ರಕಟವಾದಾಗ ಸಾರ್ವಜನಿಕರು ಆಕ್ಷೇಪಣೆ, ಸಲಹೆ ಸಲ್ಲಿಸಬಹುದು. ‘ಇಲ್ಲಿ ರಾಜಕಾಲುವೆ ಇತ್ತು’ ಎಂಬ ಅಜ್ಜನ ನೆನಪಿಗೆ ಆಗ ನಿಜಕ್ಕೂ ಬೆಲೆಯಿದೆ.

ಈ ಭಾನುವಾರ ಮಾಡಿ

ಮಕ್ಕಳೇ, ಅಜ್ಜ ಅಥವಾ ಅಜ್ಜಿಯ ಕೈ ಹಿಡಿದು ಮನೆಯಿಂದ ಶಾಲೆಯವರೆಗೆ ನಡೆಯಿರಿ. ಎಷ್ಟು ಹೆಜ್ಜೆ? ನೆರಳೆಲ್ಲಿದೆ? ಕೂರಲು ಜಾಗವಿದೆಯೇ? ಯಾವ ತಿರುವಿನಲ್ಲಿ ಅಜ್ಜಿ ನಿಮ್ಮ ಕೈಯನ್ನು ಬಿಗಿಯಾಗಿ ಹಿಡಿದರು? ಮನೆಗೆ ಬಂದು ಎಲ್ಲವನ್ನೂ ಹಾಳೆಯ ಮೇಲೆ ಗುರುತಿಸಿ. ಹಳೆಯ ಕೆರೆ, ಬಾವಿ, ಗುಂಡುತೋಪು ಇದ್ದ ಕಡೆ ಅಜ್ಜ ನೀಲಿ, ಹಸಿರು ಬಣ್ಣ ತುಂಬಲಿ.

ಅಷ್ಟಾದರೆ ನಿಮ್ಮ ಮೊದಲ ನಕ್ಷೆ ಸಿದ್ಧ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಈ ವಿಷಯ ಓದಲು ಹೊರಟರೆ ಅದು ನಿಮ್ಮ ಚೀಲದಲ್ಲಿರಲಿ.